ಎಚ್-ಇಂಡೆಕ್ಸ್ 19 ಅಂದ್ರೆ ಏನು?

ಪ್ರಾಜೆಕ್ಟ್ ಗೈಡ್ ಆರಿಸಿಕೊಳ್ಳುವ ವಾರ ನಾವು ನಾಲ್ಕು ಜನ ಲೈಬ್ರರಿಯಲ್ಲಿ ಕೂತು ಗೂಗಲ್ ಸ್ಕಾಲರ್ ತೆರೆದೆವು. ಒಬ್ಬ ಸರ್ ಅವರ ಎಚ್-ಇಂಡೆಕ್ಸ್ 19, ಇನ್ನೊಬ್ಬ ಮೇಡಮ್ ಅವರದು 6. "ಯೋಚನೆ ಏನು ಮಾಡೋದು, 19 ಇರೋರ ಹತ್ರಾನೇ ಹೋಗೋಣ" ಅಂತ ಒಬ್ಬ ಅಂದ. "ಸರಿ, 19 ಅಂದ್ರೆ ಏನು?" ಅಂತ ಇನ್ನೊಬ್ಬಳು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ! ಅರ್ಥವೇ ಗೊತ್ತಿಲ್ಲದ ಅಂಕಿಯನ್ನು ನಂಬಿ ಒಂದು ವರ್ಷದ ಕೆಲಸ ಒಪ್ಪಿಸಲು ಹೊರಟಿದ್ದೆವು. ಆಮೇಲೆ ಹುಡುಕಿ ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಬ್ಬ ವಿಜ್ಞಾನಿ ಪೇಪರ್ ಬರೆಯುವಾಗ ತನಗೆ ನೆರವಾದ ಹಳೆಯ ಪೇಪರ್‌ಗಳನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾನೆ. ಆ ಪಟ್ಟಿಯಲ್ಲಿ ಬಂದ ಪ್ರತಿ ಪೇಪರ್‌ಗೂ ಒಂದೊಂದು ಸೈಟೇಶನ್, ಅಂದರೆ ಉಲ್ಲೇಖ, ಸಿಕ್ಕಂತೆ. ಇವನ್ನು ದೊಡ್ಡ ಪ್ರಮಾಣದಲ್ಲಿ ಎಣಿಸಿ ಇಡಬಹುದು ಎಂದು ತೋರಿಸಿದವರು ಅಮೆರಿಕದ ಯುಜೀನ್ ಗಾರ್ಫೀಲ್ಡ್. ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ 1964ರಲ್ಲಿ ಹೊರಬಂತು. ಯಾವ ಪೇಪರನ್ನು ಆಮೇಲೆ ಯಾರು ಬಳಸಿದರು ಅಂತ ಹುಡುಕಲು ಅನುಕೂಲವಾಗಲಿ ಎಂಬುದು ಮೊದಲ ಉದ್ದೇಶ. ಜನರನ್ನು ಅಳೆಯಲು ಅದನ್ನು ಬಳಸಿದ್ದು ಆಮೇಲಿನ ಕಥೆ.

2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಜಾರ್ಜ್ ಹಿರ್ಶ್ ಎಚ್-ಇಂಡೆಕ್ಸ್ ಸೂಚಿಸಿದರು. ಲೆಕ್ಕ ಸುಲಭ. ಒಬ್ಬರ ಐದು ಪೇಪರ್‌ಗಳಿಗೆ 20, 9, 5, 4, 1 ಉಲ್ಲೇಖಗಳು ಬಂದಿವೆ ಅಂದುಕೊಳ್ಳಿ. ಕನಿಷ್ಠ 4 ಉಲ್ಲೇಖ ಇರುವ ಪೇಪರ್‌ಗಳು ನಾಲ್ಕು ಇವೆ. ಕನಿಷ್ಠ 5 ಇರುವವು ಐದು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 4. ಇನ್ನೊಬ್ಬರ ಮೂರು ಪೇಪರ್‌ಗಳಿಗೆ 500, 2, 1 ಬಂದಿದ್ದರೆ? ಅವರದು ಬರೀ 2! ಕ್ರಿಕೆಟ್‌ನಲ್ಲಿ ಹೇಳೋದಾದರೆ ಒಂದೇ ಪಂದ್ಯದಲ್ಲಿ ತ್ರಿಶತಕ ಹೊಡೆದವನಿಗಿಂತ, ಪ್ರತಿ ಸಲ ಕ್ರೀಸಿನಲ್ಲಿ ನಿಂತು ರನ್ ಗಳಿಸುವವನಿಗೆ ಇಲ್ಲಿ ಬೆಲೆ ಜಾಸ್ತಿ.

ಈ ಅಳತೆ ಸುಳ್ಳೇನಲ್ಲ. ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ ನೂರನ್ನು ದಾಟಿದೆ. ಘನಸ್ಥಿತಿ ರಸಾಯನಶಾಸ್ತ್ರದಲ್ಲಿ ದಶಕಗಳ ಕಾಲ ನಿಲ್ಲದೆ ನಡೆದ ದುಡಿಮೆ ಅದರಲ್ಲಿ ಕಾಣುತ್ತದೆ. ತೊಂದರೆ ಬರೋದು ಕಡಿಮೆ ಅಂಕಿ ನೋಡಿ ಕಡಿಮೆ ವಿಜ್ಞಾನಿ ಅಂತ ತೀರ್ಮಾನಿಸಿದಾಗ. ಎಚ್-ಇಂಡೆಕ್ಸ್ ಯಾವತ್ತೂ ಪೇಪರ್‌ಗಳ ಸಂಖ್ಯೆಯನ್ನು ಮೀರುವಂತಿಲ್ಲ. 1832ರಲ್ಲಿ, ಇಪ್ಪತ್ತೇ ವರ್ಷಕ್ಕೆ ತೀರಿಕೊಂಡ ಗಣಿತಜ್ಞ ಗ್ಯಾಲ್ವಾ ಬರೆದದ್ದು ಕೆಲವೇ ಲೇಖನ. ಅವನ ಬೀಜಗಣಿತವನ್ನು ಇವತ್ತಿಗೂ ಜಗತ್ತು ಓದುತ್ತಿದೆ, ಆದರೆ ಎಚ್-ಇಂಡೆಕ್ಸ್ ಒಂದಂಕಿ ದಾಟಲಾರದು. 2013ರಲ್ಲಿ ನೊಬೆಲ್ ಪಡೆದ ಪೀಟರ್ ಹಿಗ್ಸ್ ಕೂಡ, ಇವತ್ತಿನ ದಿನಗಳಲ್ಲಾಗಿದ್ದರೆ ತನಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗುತ್ತಿರಲಿಲ್ಲ ಎಂದು ಹೇಳಿದ್ದರು.

ಉಲ್ಲೇಖ ಜಾಸ್ತಿ ಇದ್ದರೆ ದೊಡ್ಡ ಸಂಶೋಧನೆ ಅಂತಲೂ ಅಲ್ಲ. ಅತಿ ಹೆಚ್ಚು ಉಲ್ಲೇಖ ಪಡೆದ ಪೇಪರ್ ಎಂದು ಹೆಸರಾದದ್ದು ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಬರಹ. ಅದು 3 ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖವಾಗಿದೆ. ವಿಷಯ? ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವ ವಿಧಾನ. ಲ್ಯಾಬಿನಲ್ಲಿ ಎಲ್ಲರಿಗೂ ಬೇಕು, ಎಲ್ಲರೂ ಉಲ್ಲೇಖಿಸುತ್ತಾರೆ. 2014ರಲ್ಲಿ ನೇಚರ್ ಪತ್ರಿಕೆ ಮಾಡಿದ ಮೊದಲ ನೂರರ ಪಟ್ಟಿಯಲ್ಲಿ ಡಿಎನ್‌ಎ ರಚನೆ ತಿಳಿಸಿದ 1953ರ ಪೇಪರ್ ಇರಲೇ ಇಲ್ಲ. ಒಂದು ವಿಚಾರ ಪಠ್ಯಪುಸ್ತಕ ಸೇರಿದ ಮೇಲೆ ಮೂಲವನ್ನು ಯಾರೂ ಹೆಸರಿಸೋದಿಲ್ಲ. 'ಬೋಸಾನ್' ಅಂತ ಬರೆಯುವವರು ಪ್ರತಿ ಸಲವೂ ಸತ್ಯೇಂದ್ರನಾಥ ಬೋಸರ 1924ರ ಪೇಪರನ್ನು ಉಲ್ಲೇಖಿಸುತ್ತಾರಾ?

ಇನ್ನು ಸಹಯೋಗ. ಪಾಲ್ ಎರ್ಡಿಶ್ ಎಂಬ ಹಂಗೇರಿಯ ಗಣಿತಜ್ಞ ಸೂಟ್‌ಕೇಸ್ ಹಿಡಿದು ಊರೂರು ಸುತ್ತುತ್ತಾ 500ಕ್ಕೂ ಹೆಚ್ಚು ಜನರ ಜೊತೆ ಪೇಪರ್ ಬರೆದರು. ಅವರ ಜೊತೆ ಬರೆದವರಿಗೆ ಎರ್ಡಿಶ್ ಸಂಖ್ಯೆ 1, ಆ ಜನರ ಜೊತೆ ಬರೆದವರಿಗೆ 2, ಹೀಗೆ ಗಣಿತಜ್ಞರು ತಮಾಷೆಗೆ ಎಣಿಸುತ್ತಾರೆ. ಅಲ್ಲಿ ಒಂದು ಪೇಪರಿಗೆ ಇಬ್ಬರೋ ಮೂವರೋ. ಆದರೆ 2015ರಲ್ಲಿ ಹಿಗ್ಸ್ ಬೋಸಾನ್ ದ್ರವ್ಯರಾಶಿಯ ಬಗ್ಗೆ ಬಂದ ಪೇಪರಿಗೆ 5,154 ಲೇಖಕರು! 33 ಪುಟಗಳಲ್ಲಿ 24 ಪುಟ ಬರೀ ಲೇಖಕರು, ಸಂಸ್ಥೆಗಳ ಹೆಸರು. ಅದಕ್ಕೆ ಒಂದು ಉಲ್ಲೇಖ ಬಂದರೆ 5,154 ಜನರ ಖಾತೆಗೂ ಪೂರ್ತಿ ಒಂದೊಂದು ಸೇರುತ್ತದೆ. ಒಬ್ಬಳೇ ಕೂತು ಬರೆದವಳಿಗೂ ಅದೇ ಒಂದು. ಪಾಲು ಹಂಚಿ ಲೆಕ್ಕ ಹಾಕುವ ವಿಧಾನಗಳೂ ಇವೆ, ಆದರೆ ಪ್ರೊಫೈಲಿನಲ್ಲಿ ನಮ್ಮ ಕಣ್ಣಿಗೆ ಬೀಳೋದು ಹಂಚದ ಅಂಕಿ.

ಅಂಕಿಯೇ ಗುರಿಯಾದರೆ ಏನಾಗುತ್ತೆ ಅಂತ ನಮಗೇ ಗೊತ್ತು. ಹಾಜರಾತಿಗೆ ಅಂಕ ಇದೆ ಅಂದ ಕೂಡಲೇ ಪ್ರಾಕ್ಸಿ ಹುಟ್ಟಲಿಲ್ಲವೇ? ಇಲ್ಲೂ ಹಾಗೇ. ತನ್ನ ಪೇಪರನ್ನು ತಾನೇ ಉಲ್ಲೇಖಿಸೋದು, ನೀನು ನನ್ನದು ಹಾಕು ನಾನು ನಿನ್ನದು ಹಾಕ್ತೀನಿ ಅನ್ನೋದು, ಕೆಲಸ ಮಾಡದವರ ಹೆಸರು ತುರುಕೋದು. ಇದನ್ನೆಲ್ಲ ನೋಡಿಯೇ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು 'ಡೋರಾ' ಎಂಬ ಘೋಷಣೆ ರೂಪಿಸಿದರು. ಜರ್ನಲ್‌ನ ಅಂಕಿ ನೋಡಿ ವ್ಯಕ್ತಿಯನ್ನು ಅಳೆಯಬೇಡಿ, ಕೆಲಸವನ್ನೇ ನೋಡಿ ಎಂಬುದು ಅದರ ತಿರುಳು.

ನಾವೂ ಅದನ್ನೇ ಮಾಡಿದೆವು. ಇಬ್ಬರದೂ ಒಂದೊಂದು ಪೇಪರ್ ಇಳಿಸಿಕೊಂಡು ಓದಿದೆವು. ಸರ್ ಅವರದು ಚೆನ್ನಾಗಿತ್ತು, ಆದರೆ ಕ್ಷೇತ್ರವೇ ನಮ್ಮದಲ್ಲ. ಮೇಡಮ್ ಅವರ ಸೆನ್ಸರ್ ಸರ್ಕ್ಯೂಟ್ ನಮಗೆ ಅರ್ಥವಾಯಿತು, ಕಟ್ಟಿ ನೋಡಬೇಕು ಅನ್ನಿಸಿತು. 6 ಇದ್ದವರ ಹತ್ತಿರವೇ ಹೋದೆವು.

ಈಗ ನಮ್ಮದೇ ಪೇಪರ್ ಬರೆಯುವ ಹೊತ್ತು. ಲೇಖಕರ ಸಾಲಿನಲ್ಲಿ ನಾಲ್ಕು ಹೆಸರು, ಮೇಡಮ್ ಹೆಸರು ಹಾಕಿದ್ದೆವು. ಡ್ರಾಫ್ಟ್ ನೋಡಿ ಮೇಡಮ್ ಕೇಳಿದ್ದು ಒಂದೇ ಪ್ರಶ್ನೆ: "ಮೂರು ವಾರ ರೀಡಿಂಗ್ ತೆಗೆದು ಕ್ಯಾಲಿಬ್ರೇಶನ್ ಮಾಡಿದ ಹುಡುಗ ಎಲ್ಲಿ?" ಅವನು ಮೂರನೇ ಸೆಮಿಸ್ಟರಿನ ಜೂನಿಯರ್. ಅವನಿಲ್ಲದೆ ನಮ್ಮ ಎರಡನೇ ಗ್ರಾಫೇ ಇಲ್ಲ. ಇಷ್ಟೆಲ್ಲ ಓದಿದ ಮೇಲೂ ನಾವು ಅವನನ್ನು ಮರೆತಿದ್ದೆವು, ನಾಚಿಕೆಯಾಯಿತು. ಈಗ ಪಟ್ಟಿಯಲ್ಲಿ ಆರು ಹೆಸರುಗಳಿವೆ.