ಇಂಜಿನ್ ತಾಳ ತಪ್ಪದಂತೆ: ಬೆಲ್ಟ್ ಮತ್ತು ಚೈನ್

ಬಾನೆಟ್ ತೆರೆದರೆ ಇಂಜಿನ್ನಿನ ಒಂದು ಬದಿಗೆ ಕಾಣುವ ಕಪ್ಪು ಪಟ್ಟಿಗೆ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಫ್ಯಾನ್ ಬೆಲ್ಟ್ ಎಂದೇ ಹೆಸರು. ಕ್ರ್ಯಾಂಕ್ ಶಾಫ್ಟಿನ ತುದಿಯ ಪುಲ್ಲಿಯಿಂದ ಬಲ ಪಡೆದು ಅದು ಆಲ್ಟರ್ನೇಟರನ್ನು, ಎ.ಸಿ. ಕಂಪ್ರೆಸರನ್ನು, ಎಷ್ಟೋ ಕಾರುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಅದರ ಒಳಮೈಯಲ್ಲಿ ಉದ್ದಕ್ಕೂ ಇರುವ ಏಣುಗಳು ಪುಲ್ಲಿಯ ತೋಡುಗಳಲ್ಲಿ ಕೂರುತ್ತವೆ. ಹಲ್ಲುಗಳಿಲ್ಲ, ಕೆಲಸವೆಲ್ಲ ಘರ್ಷಣೆಯ ಹಿಡಿತದ್ದು. ಮಳೆಗಾಲದಲ್ಲಿ ಬೆಂಗಳೂರಿನ ರಿಚರ್ಡ್ಸ್ ಟೌನಿನ ಮರದಡಿ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದೊಡನೆ ಕೀಚ್ ಎಂದು ಕೂಗಿದರೆ, ತೇವ ಹಿಡಿದ ಬೆಲ್ಟ್ ಕ್ಷಣಕಾಲ ಜಾರಿತೆಂದು ಅರ್ಥ. ಇಂಜಿನ್ ಬಿಸಿಯಾದ ಮೇಲೂ ಕೂಗು ನಿಲ್ಲದಿದ್ದರೆ ಬೆಲ್ಟನ್ನೂ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ನೋಡಿಸಬೇಕು. ತುಂಡಾದರೆ ಬ್ಯಾಟರಿ ದೀಪ ಹತ್ತಿಕೊಳ್ಳುತ್ತದೆ. ನೀರಿನ ಪಂಪೂ ಅದರ ಮೇಲೆಯೇ ಇದ್ದರೆ ಇಂಜಿನ್ ಕಾದು ಕೆಡುವ ಮುಂಚೆ ಗಾಡಿ ನಿಲ್ಲಿಸಲೇಬೇಕು.

ಕ್ರ್ಯಾಂಕ್ ಶಾಫ್ಟನ್ನು ಕ್ಯಾಮ್ ಶಾಫ್ಟಿಗೆ ಜೋಡಿಸುವ ಟೈಮಿಂಗ್ ಬೆಲ್ಟ್ ಇರುವುದು ಮುಚ್ಚಳದ ಹಿಂದೆ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಇಲ್ಲಿ ಜಾರುವಿಕೆಗೆ ಎಡೆಯೇ ಇಲ್ಲ, ಹಾಗಾಗಿ ಈ ಬೆಲ್ಟಿಗೆ ಹಲ್ಲುಗಳಿವೆ. ಅದು ಕಡಿದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ಅನೇಕ ಇಂಜಿನ್‌ಗಳಲ್ಲಿ ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವ್ ಬೆಂಡ್ ಆಗುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಹೊರಗಿನ ಬೆಲ್ಟಿನಂತೆ ಇದು ಮೊದಲೇ ಕೂಗಿ ಹೇಳುವುದು ಅಪರೂಪ.

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2005ರಲ್ಲಿ ಬಂದ ಇನ್ನೋವಾದ 2.5 ಲೀಟರ್ ಡೀಸೆಲ್ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇತ್ತು. ಒಂದು ಲಕ್ಷ ಕಿ.ಮೀ.ಗೆ ಅದನ್ನು ಬದಲಿಸಬೇಕು. ಗಡುವು ನೆನಪಿಸಲು ಡ್ಯಾಶ್‌ಬೋರ್ಡಿನಲ್ಲಿ ಪ್ರತ್ಯೇಕ ದೀಪವೇ ಇತ್ತು. 2016ರ ಇನ್ನೋವಾ ಕ್ರಿಸ್ಟಾದ 2.4 ಲೀಟರ್ ಡೀಸೆಲ್ ಇಂಜಿನ್ನಿಗೆ ಬೆಲ್ಟಿನ ಬದಲು ಚೈನ್ ಬಂತು.

ಆದರೆ ಬೆಂಗಳೂರಿನಲ್ಲಿ ಕಿ.ಮೀ. ಲೆಕ್ಕವೊಂದನ್ನೇ ನಂಬಬಾರದು. ಗಂಟೆಗೆ ಸರಾಸರಿ 60 ಕಿ.ಮೀ. ಓಡುವ ಗಾಡಿ ಒಂದು ಲಕ್ಷ ಮುಟ್ಟಲು ಸುಮಾರು 1,670 ಗಂಟೆ ಸಾಕು. ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ದಟ್ಟಣೆಯಲ್ಲಿ ಸರಾಸರಿ 15ಕ್ಕೆ ಇಳಿದರೆ ಅದೇ ದೂರಕ್ಕೆ 6,670 ಗಂಟೆ ಬೇಕು. ನಿಂತಲ್ಲೇ ಓಡುವಾಗ ಸುತ್ತು ಕಡಿಮೆ ನಿಜ, ಆದರೆ ರಬ್ಬರು ಅಷ್ಟೂ ಹೊತ್ತು ಶಾಖದಲ್ಲೇ ಇರುತ್ತದೆ. ಆದ್ದರಿಂದಲೇ ಕೈಪಿಡಿಗಳಲ್ಲಿ ದೂರದ ಜೊತೆಗೆ ವರ್ಷಗಳ ಮಿತಿಯನ್ನೂ ಕೊಡುವುದುಂಟು. ಕಡಿಮೆ ಓಡಿದ ಹಳೆಯ ಕಾರು ಕೊಳ್ಳುವವರು ಗಮನಿಸಬೇಕಾದದ್ದು ಈ ಎರಡನೆಯ ಮಿತಿಯನ್ನೇ.

ಚೈನ್ ಹೊಸತೇನಲ್ಲ. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಹತ್ತಿರವೇ ಇದ್ದುದರಿಂದ ಗಿಡ್ಡ ಚೈನ್ ಸಾಕಾಗುತ್ತಿತ್ತು. ಕ್ಯಾಮ್ ಮೇಲೆ ಹೆಡ್ಡಿಗೆ ಏರಿದಾಗ ಅಂತರ ಹೆಚ್ಚಿತು. ಉದ್ದನೆಯ ಚೈನ್ ಸದ್ದು ಮಾಡುತ್ತಿತ್ತು; ಸದ್ದಿಲ್ಲದ, ಅಗ್ಗದ, ಹಗುರವಾದ ಹಲ್ಲಿನ ಬೆಲ್ಟ್ 1960ರ ದಶಕದಿಂದ ಕಾರುಗಳಿಗೆ ಬಂತು. ಮುಂದೆ ಚೈನ್‌ಗಳೂ ಸುಧಾರಿಸಿ ಮರಳಿದವು.

ಚೈನಿಗೆ ಸಾಮಾನ್ಯವಾಗಿ ಬದಲಿಸುವ ಗಡುವು ಇರುವುದಿಲ್ಲ, ಆದರೆ ಅದು ಬದುಕುವುದು ಇಂಜಿನ್ ಆಯಿಲ್ ಮೇಲೆ. ಚೈನ್ ಉದ್ದವಾಯಿತು ಎನ್ನುತ್ತಾರಲ್ಲ, ಅಲ್ಲಿ ಕಬ್ಬಿಣ ಹಿಗ್ಗಿರುವುದಿಲ್ಲ; ಕೊಂಡಿಗಳ ಪಿನ್ನುಗಳು ಕೂದಲೆಳೆಯಷ್ಟು ಸವೆದು, ಎಲ್ಲ ಕೊಂಡಿಗಳ ಸಡಿಲ ಒಟ್ಟುಗೂಡಿರುತ್ತದೆ. ಹಲವು ಇಂಜಿನ್‌ಗಳಲ್ಲಿ ಟೆನ್ಷನರನ್ನು ಒತ್ತಿ ಹಿಡಿಯುವುದೂ ಆಯಿಲ್ ಒತ್ತಡವೇ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಕೇಳುವ ಕಟಕಟ ಸದ್ದು ದಿನೇ ದಿನೇ ಲಂಬಿಸುತ್ತಿದ್ದರೆ ಚೈನ್, ಅದನ್ನು ದಾರಿ ತಪ್ಪದಂತೆ ಹಿಡಿಯುವ ಗೈಡ್, ಟೆನ್ಷನರ್ ಮೂರನ್ನೂ ಒಟ್ಟಿಗೆ ನೋಡಿಸಬೇಕು.