ಎಂಬತ್ತು ಪೌಂಡಿನ ಏರ್‌ಪೋರ್ಟ್ ಪಿಕಪ್



ಬೇಸಿಗೆ ಬಂತೆಂದರೆ ನಮ್ಮ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ಕಾಲ. ಟಿಕೆಟ್, ವೀಸಾ, ಇನ್ಶೂರೆನ್ಸ್ ಎಲ್ಲಾ ಆರು ತಿಂಗಳ ಹಿಂದೆಯೇ ಮಾಡಿಟ್ಟಿರುತ್ತೇವೆ. ಹೀಥ್ರೋದಿಂದ ಮನೆಗೆ ಕರೆತರುವುದು ಯಾರು ಎನ್ನುವುದು ಮಾತ್ರ ಹಿಂದಿನ ರಾತ್ರಿಯವರೆಗೂ ತೀರ್ಮಾನವಾಗಿರುವುದಿಲ್ಲ. 2023ರ ಜೂನ್‌ನಲ್ಲಿ ನಮ್ಮ ಮನೆಯಲ್ಲೂ ಹಾಗೇ ಆಯಿತು. ನನಗೆ ರಜ ಸಿಗಲಿಲ್ಲ, ನನ್ನವಳಿಗೆ ಡ್ಯೂಟಿ. ನಮ್ಮ ಕನ್ನಡದವರ ಗ್ರೂಪಿನಲ್ಲಿ ಒಂದು ಸಾಲು ಹಾಕಿದೆ. ಹತ್ತು ನಿಮಿಷದಲ್ಲಿ ದಾವಣಗೆರೆ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ. ಇಲ್ಲಿ ಎಂ.ಎಸ್ಸಿ. ಓದುತ್ತಿದ್ದವನು. "ನಾನು ಹೋಗಿ ಬರ್ತೀನಿ ಬಿಡಿ ಅಣ್ಣಾ, ಪೆಟ್ರೋಲಿಗೆ ಅಂತ 80 ಪೌಂಡ್ ಕೊಟ್ರೆ ಸಾಕು" ಅಂದ. ನನಗೂ ಖುಷಿ. ನಮ್ಮ ಭಾಷೆಯವನು, ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೂ ತೊಂದರೆಯಿಲ್ಲ, ಕ್ಯಾಬ್‌ಗಿಂತ ಅಗ್ಗ. ಇನ್ನೇನು ಬೇಕು?

ಟರ್ಮಿನಲ್ 5ರ ಕಾರ್ ಪಾರ್ಕಿನಲ್ಲಿ ಅಮ್ಮ ಅವನನ್ನು ಕೇಳಿದಳಂತೆ, "ಇದೇನಪ್ಪಾ, ಇಲ್ಲಿ ಇರೋ ಕಾರೆಲ್ಲಾ ಟ್ಯಾಕ್ಸಿಗಳೇನೋ?" ಈ ದೇಶದ ಕಾರುಗಳ ಹಿಂದಿನ ನಂಬರ್ ಪ್ಲೇಟ್ ಹಳದಿ ಬಣ್ಣದ್ದು, ಮುಂದಿನದು ಬಿಳಿ. ನಮ್ಮೂರಿನ ಲೆಕ್ಕದಲ್ಲಿ ಹಳದಿ ಬೋರ್ಡ್ ಅಂದರೆ ಬಾಡಿಗೆ, ಬಿಳಿ ಬೋರ್ಡ್ ಅಂದರೆ ಸ್ವಂತ. ಅಮ್ಮನಿಗೆ ಎಲ್ಲಾ ಕಾರೂ ಹಿಂದಿನಿಂದ ಬಾಡಿಗೆಯವೇ ಆಗಿ ಕಂಡಿವೆ! ಹುಡುಗ ನಕ್ಕು, "ಇಲ್ಲಮ್ಮಾ, ಇದು ಸ್ವಂತದ್ದು" ಅಂದಿದ್ದಾನೆ. ಆದರೆ ಆ ದಿನ ಅದು ಬಾಡಿಗೆ ಕಾರೇ ಆಗಿತ್ತು ಎನ್ನುವುದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಎಂ25ರಲ್ಲಿ ಟ್ರಾಫಿಕ್ ನಿಧಾನವಾದಾಗ ಇವನು ಬ್ರೇಕ್ ಹಾಕಿದ್ದು ಅರ್ಧ ಕ್ಷಣ ತಡವಾಯಿತು. ಮುಂದಿನ ಕಾರಿಗೆ ಗುದ್ದಿದ. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ, ಅಮ್ಮನ ಕನ್ನಡಕ ಒಡೆಯಿತು ಅಷ್ಟೇ. ಎರಡು ಕಡೆಯವರೂ ವಿಮೆಯ ವಿವರ ಬದಲಾಯಿಸಿಕೊಂಡು ಮನೆ ಸೇರಿದರು.

ಒಂದು ವಾರದ ಮೇಲೆ ವಿಮಾ ಕಂಪನಿಯಿಂದ ಫೋನು. ಕಾರಿನಲ್ಲಿದ್ದ ಪ್ರಯಾಣಿಕರ ಹೇಳಿಕೆ ಬೇಕು ಎಂದರು. ಅಪ್ಪ ತಿಪಟೂರಿನಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿದ ಮೇಷ್ಟ್ರು. ಫೋನ್ ತೆಗೆದುಕೊಂಡು ಗಂಟಲು ಸರಿಮಾಡಿಕೊಂಡು ಕುಳಿತರು. ಡ್ರೈವರ್ ನಿಮಗೆ ಹೇಗೆ ಪರಿಚಯ ಎಂದು ಆ ಹೆಣ್ಣುಮಗಳು ಕೇಳಿದಳು. ಬಹಳ ಒಳ್ಳೆಯ ಹುಡುಗ, ನನ್ನ ಮಗ ಗೊತ್ತು ಮಾಡಿ ಕಳಿಸಿದ್ದ, 80 ಪೌಂಡಿಗೆ ಎಂದರು ಅಪ್ಪ, ತಮ್ಮ ಸ್ಪಷ್ಟ ಇಂಗ್ಲಿಷಿನಲ್ಲಿ. ನಾನು ಎದುರು ಕುಳಿತು ಕೈಸನ್ನೆ ಮಾಡುವಷ್ಟರಲ್ಲಿ ಮಾತು ಮುಗಿದಿತ್ತು. ಆಮೇಲೆ ನಾನು ಗೊಣಗಿದ್ದಕ್ಕೆ, "ಕೇಳಿದ್ದಕ್ಕೆ ಹೇಳಿದೆ. ಸುಳ್ಳು ಹೇಳಬೇಕಿತ್ತೇನಪ್ಪಾ?" ಎಂದರು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಅಲ್ಲಿಂದ ಶುರುವಾಯಿತು ಫಜೀತಿ. ಹುಡುಗನ ವಿಮೆ ಸ್ವಂತ ಬಳಕೆಗೆ ಮಾತ್ರ. ಹಣ ಪಡೆದು ಜನರನ್ನು ಕರೆದೊಯ್ಯುವುದಕ್ಕೆ ಇಲ್ಲಿ 'ಹೈರ್ ಆರ್ ರಿವಾರ್ಡ್' ಎಂಬ ಬೇರೆಯೇ ವಿಮೆ ಬೇಕು. ಅವನ ಕಾರಿನ ರಿಪೇರಿಗೆ ಒಂದು ಪೆನ್ನಿಯೂ ಬರಲಿಲ್ಲ. ಮುಂದಿನ ಕಾರಿನವರಿಗೆ ಕೊಟ್ಟ ಹಣವನ್ನು ಇವನಿಂದಲೇ ವಸೂಲು ಮಾಡುವುದಾಗಿ ಪತ್ರ ಬಂತು. ಪಾಲಿಸಿ ರದ್ದಾಯಿತು. ಒಮ್ಮೆ ಹಾಗೆ ರದ್ದಾದರೆ ಮುಂದೆ ಯಾವ ಕಂಪನಿ ಕೇಳಿದರೂ ಅದನ್ನು ಹೇಳಲೇಬೇಕು, ಪ್ರೀಮಿಯಂ ಗಗನಕ್ಕೆ.

ಪೊಲೀಸರ ತನಕ ಹೋಗಿದ್ದರೆ ಇನ್ನೂ ಕಷ್ಟವಿತ್ತು. ವಿಮೆಯಿಲ್ಲದೆ ಓಡಿಸಿದ್ದಕ್ಕೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯೇ ಇಲ್ಲ. ಹಳಬರಿಗೆ 6 ಪಾಯಿಂಟ್ ಅಂದರೆ ಎಚ್ಚರಿಕೆ. ಆದರೆ ಇಲ್ಲಿ ಮೊದಲ ಟೆಸ್ಟ್ ಪಾಸಾಗಿ ಎರಡು ವರ್ಷ ತುಂಬದವರಿಗೆ 6 ಪಾಯಿಂಟ್ ಬಂದರೆ ಲೈಸೆನ್ಸೇ ಹೋಗುತ್ತದೆ, ಮತ್ತೆ ಎಲ್ ಬೋರ್ಡ್‌ನಿಂದ ಶುರು. ಈ ಹುಡುಗ ಟೆಸ್ಟ್ ಪಾಸಾಗಿ ಮೂರು ತಿಂಗಳಾಗಿತ್ತು. ಅದಕ್ಕೂ ಮೇಲೆ ಅವನದು ವಿದ್ಯಾರ್ಥಿ ವೀಸಾ. ಅದರಲ್ಲಿ ಸ್ವಂತ ದುಡಿಮೆ ಮಾಡುವಂತೆಯೇ ಇಲ್ಲ. 80 ಪೌಂಡಿಗೆ ಅವನು ಏನೇನು ಒತ್ತೆ ಇಟ್ಟಿದ್ದ ಎಂದು ಲೆಕ್ಕ ಹಾಕಿದರೆ ಈಗಲೂ ನನಗೆ ನಿದ್ದೆ ಬರುವುದಿಲ್ಲ. ಗ್ರೂಪಿನಲ್ಲಿ ಕರೆದವನು ನಾನು. ಅವನು ಬಾಗಿಲು ತಟ್ಟಿ ಬಂದವನಲ್ಲ.

ಆಗ ಕುಳಿತು ಈ ದೇಶದ ಬಾಡಿಗೆ ಕಾರಿನ ಕಾನೂನು ಓದಿದೆ. ಇಪ್ಪತ್ತು ವರ್ಷದಿಂದ ಇಲ್ಲಿದ್ದೂ ನನಗೆ ಬ್ಲ್ಯಾಕ್ ಕ್ಯಾಬ್‌ಗೂ ಮಿನಿಕ್ಯಾಬ್‌ಗೂ ಬಣ್ಣದ ವ್ಯತ್ಯಾಸ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ ಎಂದು ನಾಚಿಕೆಯಾಯಿತು.

ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸಬಹುದಾದದ್ದು, ಸ್ಟ್ಯಾಂಡಿನಲ್ಲಿ ಕಾಯಬಹುದಾದದ್ದು 'ಹ್ಯಾಕ್ನಿ ಕ್ಯಾರೇಜ್' ಮಾತ್ರ. ಕಾನೂನು ಕುದುರೆಗಾಡಿ ಕಾಲದ್ದು, 1847ರದು, ಲಂಡನ್ ಹೊರಗೆ ಇಂದಿಗೂ ಅದೇ ಆಧಾರ. ಮಿನಿಕ್ಯಾಬ್ ಹುಟ್ಟಿದ್ದು ಬಹಳ ತಡವಾಗಿ. 1961ರಲ್ಲಿ ವೆಲ್ಬೆಕ್ ಮೋಟರ್ಸ್ ಎಂಬ ಕಂಪನಿ ರೆನೋ ದೊಫಿನ್ ಎಂಬ ಪುಟ್ಟ ಕಾರುಗಳನ್ನು ಲಂಡನ್ ಬೀದಿಗೆ ಬಿಟ್ಟಿತು. ಮೊದಲೇ ಬುಕ್ ಮಾಡಿದರೆ ಅದು ಟ್ಯಾಕ್ಸಿಯಲ್ಲ, ಖಾಸಗಿ ಬಾಡಿಗೆ ಎಂಬುದು ಅವರ ವಾದ. ಬ್ಲ್ಯಾಕ್ ಕ್ಯಾಬ್‌ನವರು ಕೆಂಡಾಮಂಡಲವಾದರು. ವರ್ಷಗಟ್ಟಲೆ ಈ ಖಾಸಗಿ ಬಾಡಿಗೆಗೆ ಹೇಳುವವರು ಕೇಳುವವರು ಇರಲಿಲ್ಲ. ಕೊನೆಗೆ 1976ರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕೌನ್ಸಿಲ್‌ಗಳಿಗೆ ಲೈಸೆನ್ಸ್ ಕೊಡುವ ಅಧಿಕಾರ ಕೊಟ್ಟಿತು. ತಮಾಷೆ ಎಂದರೆ, ಮಿನಿಕ್ಯಾಬ್ ಹುಟ್ಟಿದ ಲಂಡನ್ನೇ ಎಲ್ಲರಿಗಿಂತ ಹಿಂದೆ! ಅಲ್ಲಿಗೆ ಕಾಯ್ದೆ ಬಂದದ್ದು 1998ರಲ್ಲಿ, ಜಾರಿಯಾದದ್ದು 2001ರಿಂದ ಹಂತ ಹಂತವಾಗಿ. 1986ರಲ್ಲಿ ಕಾಣೆಯಾದ ಸೂಝಿ ಲ್ಯಾಂಪ್ಲೂ ಎಂಬ ಹೆಣ್ಣುಮಗಳ ತಂದೆ-ತಾಯಿ ಕಟ್ಟಿದ ಸಂಸ್ಥೆ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿತ್ತು. (ಸ್ಕಾಟ್ಲೆಂಡಿನ ಸದಸ್ಯರೇ, ನಿಮ್ಮದು 1982ರ ಬೇರೆ ಕಾಯ್ದೆ.)

ಕಾನೂನಿನ ತಿರುಳು ಸರಳ. ಮೂರು ಲೈಸೆನ್ಸ್ ಬೇಕು. ಓಡಿಸುವವನಿಗೆ ಒಂದು, ಕಾರಿಗೆ ಒಂದು, ಬುಕಿಂಗ್ ತೆಗೆದುಕೊಳ್ಳುವ ಆಪರೇಟರ್‌ಗೆ ಒಂದು. ಮೂರನ್ನೂ ಒಂದೇ ಕೌನ್ಸಿಲ್ ಕೊಟ್ಟಿರಬೇಕು. ಡ್ರೈವರ್ ಮತ್ತು ಕಾರು ಎರಡಕ್ಕೂ ಲೈಸೆನ್ಸ್ ಇದ್ದು, ಆಪರೇಟರ್ ಮೂಲಕ ಬುಕಿಂಗ್ ಆಗದೆ ಬೀದಿಯಲ್ಲೇ ನಿಮ್ಮನ್ನು ಹತ್ತಿಸಿಕೊಂಡರೂ ಅದು ಅಪರಾಧ, ವಿಮೆಯೂ ಕೈಕೊಡಬಹುದು. ಏರ್‌ಪೋರ್ಟಿನ ಹೊರಬಾಗಿಲಲ್ಲಿ ಪಿಸುದನಿಯಲ್ಲಿ "ಟ್ಯಾಕ್ಸಿ ಸಾರ್?" ಎನ್ನುತ್ತಾರಲ್ಲ, ಹಾಗೆ ಗಿರಾಕಿ ಹಿಡಿಯುವುದು 1994ರ ಕಾಯ್ದೆಯಡಿ ಅಪರಾಧ. ಆದರೆ ಮದುವೆಗೆಂದು ಬಾಡಿಗೆಗೆ ಹೋಗುವ ಕಾರಿಗೆ ಈ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಮದುವಣಗಿತ್ತಿಗೆ ಇರುವ ಮರ್ಯಾದೆ ಅತ್ತೆ-ಮಾವನಿಗೆ ಇಲ್ಲ!

ಲೈಸೆನ್ಸ್ ಅಂದರೆ ಬರೀ ಕಾಗದವಲ್ಲ. ಡ್ರೈವರ್ 'ಫಿಟ್ ಅಂಡ್ ಪ್ರಾಪರ್' ಹೌದೇ ಎಂದು ಕೌನ್ಸಿಲ್ ನೋಡಬೇಕು. ಅಪರಾಧದ ಹಿನ್ನೆಲೆ, ವೈದ್ಯಕೀಯ ಪರೀಕ್ಷೆ, ಓಡಿಸಿದ ದಾಖಲೆ ನೋಡುತ್ತಾರೆ, 2016ರ ಡಿಸೆಂಬರ್‌ನಿಂದ ದುಡಿಯುವ ಹಕ್ಕಿನ ವೀಸಾವನ್ನೂ. ರಾದರ್‌ಹ್ಯಾಮ್ ಮಕ್ಕಳ ದೌರ್ಜನ್ಯದ ಬಗ್ಗೆ 2014ರಲ್ಲಿ ಅಲೆಕ್ಸಿಸ್ ಜೇ ವರದಿ ಬಂದಾಗ ಅದರಲ್ಲಿ ಟ್ಯಾಕ್ಸಿಗಳ ಪಾತ್ರ ಎದ್ದು ಕಂಡಿತ್ತು. ಹಾಗಾಗಿ 2020ರ ಸರ್ಕಾರಿ ಮಾನದಂಡ ಡ್ರೈವರ್‌ಗಳ ಅಪರಾಧ ದಾಖಲೆಯನ್ನು ಆರು ತಿಂಗಳಿಗೊಮ್ಮೆ ನೋಡಬೇಕು ಎನ್ನುತ್ತದೆ. ಇಷ್ಟಾದರೂ ತೂತು ಇದ್ದೇ ಇದೆ. ವುಲ್ವರ್‌ಹ್ಯಾಂಪ್ಟನ್ ಲೈಸೆನ್ಸಿನ ಕಾರು ನೂರು ಮೈಲಿ ದೂರದ ನಿಮ್ಮೂರಲ್ಲಿ ಓಡುವುದನ್ನು ನೋಡಿರುತ್ತೀರಿ. ಮೂರೂ ಅಲ್ಲಿಯದೇ ಆದರೆ ಅದಕ್ಕೆ ಅಡ್ಡಿಯಿಲ್ಲದ ವ್ಯವಸ್ಥೆ ಇದು. ಈ ದಾರಿ ಮುಚ್ಚಬೇಕೆಂದು 2025ರ ಜೂನ್‌ನಲ್ಲಿ ಬ್ಯಾರನೆಸ್ ಕೇಸಿ ತಮ್ಮ ವರದಿಯಲ್ಲಿ ಸರ್ಕಾರಕ್ಕೆ ಹೇಳಿದರು. ನನಗೂ ಅದು ಸರಿ ಎನಿಸುತ್ತದೆ. ಯಾವುದೋ ಊರಿನ ಕೌನ್ಸಿಲ್ ನಮ್ಮೂರಿನ ರಸ್ತೆ ಕಾಯಲು ಹೇಗೆ ಸಾಧ್ಯ?

ಹಾಗಾದರೆ ಸ್ನೇಹಿತರು ಏರ್‌ಪೋರ್ಟಿಗೆ ಬಿಡಲೇಬಾರದೇ? ಬಿಡಬಹುದು, ಧಾರಾಳವಾಗಿ. ಖರ್ಚನ್ನೂ ಹಂಚಿಕೊಳ್ಳಬಹುದು. 1988ರ ರೋಡ್ ಟ್ರಾಫಿಕ್ ಕಾಯ್ದೆಯ 150ನೇ ಸೆಕ್ಷನ್ ಇದಕ್ಕೇ ಇರುವುದು. ಹಣದ ಮಾತು ಹೊರಡುವ ಮೊದಲೇ ಆಗಿರಬೇಕು, ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ಗಾಡಿ ಆಗಿರಬಾರದು, ಕೊಟ್ಟ ಒಟ್ಟು ಹಣ ಆ ಪ್ರಯಾಣದ ಖರ್ಚನ್ನು ಮೀರಬಾರದು. ಖರ್ಚು ಎಂದರೆ ಪೆಟ್ರೋಲ್ ಜೊತೆಗೆ ಕಾರಿನ ಸವಕಳಿಯೂ ಸೇರುತ್ತದೆ, ಆದರೆ ಓಡಿಸಿದವನ ಸಮಯಕ್ಕೆ ಕೂಲಿ ಸೇರುವುದಿಲ್ಲ. ನಮ್ಮ ಮಿಲ್ಟನ್ ಕೀನ್ಸ್‌ನಿಂದ ಹೀಥ್ರೋಗೆ ಹೋಗಿಬರಲು ಸುಮಾರು 110 ಮೈಲಿ. ಮೈಲಿಗೆ 45 ಪೆನ್ಸ್ ಹಿಡಿದರೂ 50 ಪೌಂಡ್ ಆಗುವುದಿಲ್ಲ. ಅಪ್ಪ ಈ ಲೆಕ್ಕವನ್ನು ಪೇಪರಿನ ಅಂಚಿನಲ್ಲಿ ಮಾಡಿ ತೋರಿಸಿದರು. ಮಿಕ್ಕ 30 ಪೌಂಡ್ ಲಾಭ. ಅಲ್ಲಿಗೆ ಸ್ನೇಹ ಹೋಗಿ ಬಾಡಿಗೆ ಆಯಿತು. ನಾನು ಆ ಹುಡುಗನಿಗೆ ಪೆಟ್ರೋಲಿಗೆ 20 ಕೊಟ್ಟು, ಮನೆಯಲ್ಲಿ ಕೂರಿಸಿ ಬಿಸಿಬೇಳೆ ಬಾತ್ ಬಡಿಸಿದ್ದರೆ ಯಾವ ಕಾನೂನೂ ಅಡ್ಡ ಬರುತ್ತಿರಲಿಲ್ಲ.

ಮುಂದಿನ ಕಾರಿನ ಹಣವನ್ನು ನಾವಿಬ್ಬರೂ ಸೇರಿ ಕಟ್ಟಿದೆವು. ಬೇಡ ಅಣ್ಣಾ ಎಂದ, ನಾನು ಕೇಳಲಿಲ್ಲ. ಅವನು ಕಾರನ್ನು ಬಂದಷ್ಟಕ್ಕೆ ಮಾರಿದ.

ಅಪ್ಪ-ಅಮ್ಮ ವಾಪಸ್ ಹೊರಟಾಗ ಲೈಸೆನ್ಸ್ ಇರುವ ಆಪರೇಟರ್ ಹತ್ತಿರವೇ ಕಾರು ಬುಕ್ ಮಾಡಿದೆ, 95 ಪೌಂಡ್. ಅಮ್ಮನಿಗೆ ಮಂಡಿನೋವು, ವೀಲ್‌ಚೇರ್ ಇತ್ತು. ಅದಕ್ಕೆಂದು ಹೆಚ್ಚು ಹಣ ಕೇಳುವಂತಿಲ್ಲ ಎಂಬ ನಿಯಮ 2022ರಿಂದ ಖಾಸಗಿ ಬಾಡಿಗೆಯವರಿಗೂ ಇದೆ. ಡ್ರೈವರ್ ಲಾಹೋರ್ ಕಡೆಯವರು, ಅಮ್ಮನನ್ನು ಮಾಜೀ ಎಂದು ಕರೆದು ಕೈಹಿಡಿದು ಕೂರಿಸಿದರು. ಅಪ್ಪ ಮಾತ್ರ ಹತ್ತಲಿಲ್ಲ. ಕಾರಿನ ಹಿಂದೆ ಹೋಗಿ ಕೌನ್ಸಿಲ್ಲಿನ ಪ್ಲೇಟ್ ಓದಿದರು, ಅವಧಿ ಮುಗಿಯುವ ತಾರೀಖು ನೋಡಿದರು, ಡ್ರೈವರ್ ಕೊರಳಿನ ಬ್ಯಾಡ್ಜಿನ ಫೋಟೋವನ್ನೂ ಮುಖವನ್ನೂ ಹಾಲ್ ಟಿಕೆಟ್ ತಪಾಸಣೆಯಂತೆ ಎರಡೆರಡು ಸಲ ಹೋಲಿಸಿದರು. ಆತ ನಗುತ್ತಾ ಬ್ಯಾಡ್ಜ್ ತೆಗೆದು ಕೈಗೇ ಕೊಟ್ಟರು.

ಹುಡುಗ ಈಗ ಓದು ಮುಗಿಸಿ ಕೆಲಸದಲ್ಲಿದ್ದಾನೆ, ಬಸ್ಸಿನಲ್ಲಿ ಓಡಾಡುತ್ತಾನೆ. ಅವನ ನಂಬರ್ ಇನ್ನೂ ನಮ್ಮವರ ಫೋನುಗಳಲ್ಲಿದೆ. ಹೋದ ವಾರವೂ ಒಬ್ಬರು ಫೋನ್ ಮಾಡಿ ಕೇಳಿದರಂತೆ, "ಹೀಥ್ರೋಗೆ 70ಕ್ಕೆ ಬರ್ತೀಯೇನಪ್ಪಾ?"