ಕರಾವಳಿ ಪ್ರವಾಸ: ನಮ್ಮ ಬಿಸಿಲಿನ ಲೆಕ್ಕ ಅಲ್ಲಿ ನಡೆಯದು

ಭತ್ತದ ರಾಶಿ ಮುಗಿದ ಮೇಲೆ ಸಿಂಧನೂರು ಕಡೆಯವರು, ಶಾಲೆಗೆ ರಜೆ ಬಿದ್ದಾಗ ಲಿಂಗಸುಗೂರು, ಮಸ್ಕಿಯವರು ಗೋಕರ್ಣ, ಮುರುಡೇಶ್ವರ, ಉಡುಪಿ ಎಂದು ಹೊರಡುವುದು ಈಗ ಸಾಮಾನ್ಯ. ಬ್ಯಾಗು ತುಂಬುವಾಗ ಮಾತ್ರ ನಮ್ಮೂರಿನ ಹವೆಯೇ ತಲೆಯಲ್ಲಿರುತ್ತದೆ. ತೊಂದರೆ ಶುರುವಾಗುವುದು ಅಲ್ಲೇ.

‘ರಾಯಚೂರು ಬಿಸಿಲು ಕಂಡವರಿಗೆ ಕರಾವಳಿ ತಂಪು’ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಮೇ ತಿಂಗಳಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದುಂಟು. ಮಂಗಳೂರು, ಕಾರವಾರದಲ್ಲಿ ಸಾಮಾನ್ಯವಾಗಿ 33ರಿಂದ 35. ಅಂಕಿ ನೋಡಿದರೆ ಮಾತು ನಿಜವೇ. ಆದರೆ ಮೈ ತಂಪಾಗುವುದು ಬೆವರು ಆರಿದಾಗ. ನಮ್ಮ ಒಣಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಷ್ಟು ಬೇಗ ಆರುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಮೈಮೇಲೇ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಜೀವ ಉಳಿಸುವ ಕೂಲರ್ ಅಲ್ಲಿ ಪ್ರಯೋಜನಕ್ಕೆ ಬಾರದಿರುವುದೂ ಇದೇ ಕಾರಣಕ್ಕೆ. ಹವಾಮಾನ ಇಲಾಖೆಯ ಲೆಕ್ಕವೂ ಬೇರೆಯೇ ಇದೆ. ಬಿಸಿಗಾಳಿ ಎಂದು ಪರಿಗಣಿಸಲು ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು. ಕರಾವಳಿಯಲ್ಲಿ ವಾಡಿಕೆಗಿಂತ 4.5 ಡಿಗ್ರಿ ಏರಿ, 37 ಮುಟ್ಟಿದರೆ ಸಾಕು. ಹಾಗಾಗಿ ಬಾಯಾರಿಕೆ ಆಗಲಿ ಬಿಡಲಿ, ನೀರು ಕುಡಿಯುತ್ತಲೇ ಇರಬೇಕು. ವಯಸ್ಸಾದವರು ಜೊತೆಗಿದ್ದರೆ ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ.

‘ಎರಡು ಜೊತೆ ಬಟ್ಟೆ ಸಾಕು, ಒಗೆದು ಹಾಕಿದರಾಯಿತು’ ಎಂಬ ಲೆಕ್ಕವೂ ಕೈಕೊಡುತ್ತದೆ. ಬೇಸಿಗೆಯಲ್ಲಿ ನಮ್ಮ ಮಾಳಿಗೆ ಮೇಲೆ ಹರವಿದ ಟವೆಲ್ ಅರ್ಧ ಗಂಟೆಯಲ್ಲಿ ಗರಿಗರಿ. ಅಲ್ಲಿ ಲಾಡ್ಜಿನ ಕೋಣೆಯಲ್ಲಿ ರಾತ್ರಿಯಿಡೀ ತೂಗುಹಾಕಿದ ಟವೆಲ್ ಬೆಳಿಗ್ಗೆಯೂ ಹಸಿಹಸಿ, ಮೇಲೆ ಮುಗ್ಗಲು ವಾಸನೆ. ಜೀನ್ಸ್ ಪ್ಯಾಂಟಂತೂ ಎರಡು ದಿನ ಬೇಡುತ್ತದೆ. ತೆಳ್ಳನೆಯ ಹತ್ತಿ ಬಟ್ಟೆ ಎರಡು ಜೊತೆ ಹೆಚ್ಚೇ ಇರಲಿ, ಒದ್ದೆ ಬಟ್ಟೆಗೆ ಬೇರೆ ಚೀಲ ಇರಲಿ. ಚರ್ಮದ ಚಪ್ಪಲಿ ಮನೆಯಲ್ಲಿರಲಿ, ರಬ್ಬರಿನದು ಮೇಲು.

ಬುತ್ತಿಗೂ ಇದೇ ಮಾತು. ಖಡಕ್ ರೊಟ್ಟಿ ನಮ್ಮಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟರೂ ವಾರಗಟ್ಟಲೆ ಮುರಿದರೆ ಚಟ್ ಎನ್ನುತ್ತದೆ. ಅಲ್ಲಿ ಗಂಟು ಬಿಚ್ಚಿಟ್ಟರೆ ಒಂದೇ ರಾತ್ರಿಯಲ್ಲಿ ತೇವ ಕುಡಿದು ಚರ್ಮದಂತಾಗುತ್ತದೆ, ಹೆಚ್ಚು ದಿನ ಬಿಟ್ಟರೆ ಬೂಸು ಹಿಡಿಯುತ್ತದೆ. ರೊಟ್ಟಿ, ಶೇಂಗಾ ಹಿಂಡಿ ಎರಡನ್ನೂ ಬಿಗಿಮುಚ್ಚಳದ ಡಬ್ಬಿಯಲ್ಲೇ ಒಯ್ಯಿರಿ.

‘ನಮ್ಮಲ್ಲಿ ಮಳೆಯೇ ಇಲ್ಲ, ಅಲ್ಲೇನು ಮಹಾ ಇದ್ದೀತು’ ಎಂದು ಜೂನ್, ಜುಲೈನಲ್ಲಿ ಹೊರಡುವವರಿದ್ದಾರೆ. ನಾವಿರುವುದು ಘಟ್ಟದ ಮಳೆನೆರಳಿನಲ್ಲಿ. ನೈಋತ್ಯ ಮಾರುತ ತನ್ನ ನೀರನ್ನೆಲ್ಲ ಕರಾವಳಿಗೂ ಘಟ್ಟಕ್ಕೂ ಸುರಿದು ಒಣಗಿ ನಮ್ಮ ಕಡೆ ಬರುತ್ತದೆ. ರಾಯಚೂರು ಜಿಲ್ಲೆಗೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ, ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳ ವಾಡಿಕೆ ಮಳೆ ಅದಕ್ಕಿಂತ ಹೆಚ್ಚು. ಆ ಗಾಳಿಗೆ ಕೊಡೆ ತಿರುಗಿ ಹೋಗುತ್ತದೆ, ರೇನ್‌ಕೋಟೇ ಬೇಕು. ದಾರಿಯ ಚಿಂತೆ ಇನ್ನೂ ದೊಡ್ಡದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಜೀವ ಕಳೆದುಕೊಂಡರು. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಮೇಲಾಸಿ ಗೋಕರ್ಣಕ್ಕೆ ಹೋಗುವ ನಮ್ಮವರ ದಾರಿಯೂ ಅದೇ. ರೆಡ್ ಅಲರ್ಟ್ ಇದ್ದ ದಿನ ಪ್ರವಾಸ ಮುಂದಕ್ಕೆ ಹಾಕುವುದೇ ಸರಿ.

ಚಳಿಗಾಲದಲ್ಲಿ ಸ್ವೆಟರ್, ಉಲ್ಲನ್ ಟೋಪಿ ತುಂಬುವುದು ಮತ್ತೊಂದು ರೂಢಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲೂ ಮಂಗಳೂರು ಸಾಮಾನ್ಯವಾಗಿ 20 ಡಿಗ್ರಿಗಿಂತ ಬಹಳ ಕೆಳಗಿಳಿಯದು. ಹಗಲು ಕಾದ ಸಮುದ್ರ ನೆಲದಷ್ಟು ಬೇಗ ಆರುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಯಲ್ಲಾಪುರ, ಶಿರಸಿ ದಾಟುವಾಗ ಚಳಿ ಇರುತ್ತದೆ, ಅದಕ್ಕೊಂದು ಚಾದರ ಸಾಕು.

ಕೊನೆಯ ತಪ್ಪು ಕಲ್ಪನೆ ಜೀವಕ್ಕೇ ಕುತ್ತು ತರುವಂಥದ್ದು: ‘ಆಕಾಶ ತಿಳಿಯಾಗಿದೆ, ಮಳೆಗಾಲ ಮುಗಿದಿದೆ, ಇನ್ನು ಸಮುದ್ರ ಶಾಂತ.’ ಕೆರೆ, ಕಾಲುವೆಯಲ್ಲಿ ಈಜಿ ಬೆಳೆದವರಿಗೆ ಈ ಧೈರ್ಯ ಹೆಚ್ಚು. ಸಮುದ್ರದಲ್ಲಿ ದಡಕ್ಕೆ ಬಂದ ನೀರು ಒಂದು ಕಡೆ ಕೂಡಿಕೊಂಡು ರಭಸದಿಂದ ಹಿಂದಕ್ಕೆ ಹರಿಯುತ್ತದೆ; ಮೊಣಕಾಲುದ್ದ ನೀರಲ್ಲಿ ನಿಂತವರ ಕಾಲಡಿಯ ಮರಳೂ ಜಾರುತ್ತದೆ. ಸೆಳೆತಕ್ಕೆ ಸಿಕ್ಕರೆ ದಡದತ್ತ ನೇರವಾಗಿ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದದ್ದು 2024ರ ಡಿಸೆಂಬರ್‌ನಲ್ಲಿ, ಮಳೆಗಾಲದಲ್ಲಲ್ಲ. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಲ್ಲಿ, ತಂದೆತಾಯಿಯರಲ್ಲಿ ಒಂದೇ ವಿನಂತಿ: ಕೆಂಪು ಬಾವುಟ ಕಂಡ ಕಡೆ, ಜೀವರಕ್ಷಕ ಸಿಬ್ಬಂದಿ ಇಲ್ಲದ ಕಡೆ ಯಾರನ್ನೂ ನೀರಿಗಿಳಿಸಬೇಡಿ.